ಸದ್ಯಕ್ಕೆ ಹಾಕಿದ ವೈರು

ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ. ನಮ್ಮ ಕಾಂಪ್ಲೆಕ್ಸಿನ ನಳದಲ್ಲಿ ನೀರು ನಿಂತಿತ್ತು. ಟ್ಯಾಂಕ್ ಖಾಲಿಯೋ, ಮೋಟರ್ ಕೆಟ್ಟಿದೆಯೋ ನೋಡಿ ಬರೋಣ ಅಂತ ಮಾಳಿಗೆ ಹತ್ತಿದೆ. ಟ್ಯಾಂಕಿನ ಕಬ್ಬಿಣದ ಏಣಿ ಹಿಡಿದೆ, ಕೈ ಚುರ್ ಅಂತು. ಬಿಸಿಲಿಗೆ ಕಾದಿದೆ ಅಂದುಕೊಂಡೆ. ಕಲಬುರಗಿಯಲ್ಲಿ ಆ ಹೊತ್ತಿಗೆ ಯಾವ ಕಬ್ಬಿಣ ಮುಟ್ಟಿದರೂ ಕೈ ತಾನಾಗಿ ಹಿಂದೆ ಬರುತ್ತದೆ, ಅದರಲ್ಲೇನು ವಿಶೇಷ? ಕರವಸ್ತ್ರ ಸುತ್ತಿಕೊಂಡು ಇನ್ನೊಮ್ಮೆ ಹಿಡಿದೆ. ಕರವಸ್ತ್ರ ಬೆವರಿಗೆ ತೊಯ್ದಿತ್ತು. ಎಡಗೈ ಟ್ಯಾಂಕಿನ ಸಿಮೆಂಟ್ ಕಂಬದ ಮೇಲಿತ್ತು. ಈ ಸಲ ಮೊಣಕೈ ದಾಟಿ ಭುಜದ ತನಕ ಜಗ್ಗಿತು. ಎರಡು ಹೆಜ್ಜೆ ಹಿಂದೆ ಸರಿದು ಶಹಾಬಾದ್ ಕಲ್ಲಿನ ಮೇಲೆ ಕುಕ್ಕರಿಸಿ ಕೂತೆ. ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು, ನನ್ನ ಪುಣ್ಯ.

ಶಾಕ್ ಹೊಡೆದಿದ್ದು ಎರಡು ದಿನಕ್ಕೆ ಮರೆತೇಹೋಗುತ್ತಿತ್ತು. ಮನೆಯಲ್ಲಿ ಹೇಳಿ, ಬೈಸಿಕೊಂಡು, ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕೂತಲ್ಲೇ ಒಂದು ಮಾತು ನೆನಪಾಯಿತು. ಅದು ಇವತ್ತಿಗೂ ಬಿಟ್ಟಿಲ್ಲ. ಫೆಬ್ರವರಿಯಲ್ಲಿ ಟ್ಯಾಂಕ್ ತೊಳೆಯೋಕೆ ಬಂದ ಹುಡುಗ ಕೆಳಗೆ ನನ್ನ ಅಂಗಡಿಗೆ ಬಂದು ಹೇಳಿದ್ದ: "ಸಾವಕಾರ್ರ, ಏಣಿ ಚುರ್ ಅಂತದ್ರಿ." ನಾನು ಒಬ್ಬರ ಆಧಾರ್ ಕಾರ್ಡ್ ಲ್ಯಾಮಿನೇಷನ್ ಮಾಡುತ್ತಿದ್ದೆ. ತಲೆ ಎತ್ತದೆ, "ಚಪ್ಪಲಿ ಹಾಕ್ಕೊಂಡು ಹತ್ತಪಾ" ಅಂದೆ. ಅವನು ನಕ್ಕ. ಒದ್ದೆ ಚಪ್ಪಲಿ ಏಣಿಯ ಮೇಲೆ ಜಾರುತ್ತದೆ, ಬರಿಗಾಲಲ್ಲೇ ಹತ್ತಬೇಕು ಅನ್ನೋದು ಅವನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಹೋಗಿ ಕೆಲಸ ಮುಗಿಸಿ, ಮೈಯೆಲ್ಲ ನೀರು ಸುರಿಸಿಕೊಂಡು ಬಂದು 400 ರೂಪಾಯಿ ಇಸಕೊಂಡು ಹೋದ. ಆ ಒದ್ದೆ ಮೈಯಲ್ಲಿ ಅದೇ ಏಣಿ ಎಷ್ಟು ಸಲ ಹತ್ತಿ ಇಳಿದನೋ.

ಚುರ್ ಅನ್ನೋ ಶಬ್ದ ಕೂಡ ಅವನದೇ. ನಾನು ಮೇಲೆ ಬರೆದಿದ್ದು ಅವನಿಂದ ತಗೊಂಡಿದ್ದು.

ಮಾಳಿಗೆ ಯಾರದು?

ನಮ್ಮದು ಸೂಪರ್ ಮಾರ್ಕೆಟ್ ಹತ್ತಿರದ ಮೂರು ಅಂತಸ್ತಿನ ಕಟ್ಟಡ. ಕೆಳಗೆ ಮೆಡಿಕಲ್, ಮೊಬೈಲ್ ಅಂಗಡಿ, ಬಟ್ಟೆ ಅಂಗಡಿ, ನನ್ನ ಜೆರಾಕ್ಸ್ ಮತ್ತು ಡಿಟಿಪಿ. ಮೇಲೆ ಒಂದು ಲ್ಯಾಬು, ಒಂದು ಫೈನಾನ್ಸ್ ಆಫೀಸು, ಒಂದು ಕೋಚಿಂಗ್ ಕ್ಲಾಸು. ಅಂಗಡಿ ಮುಂದೆ ನಿಂತರೆ ಎಲ್ಲ ಚಂದ. ಗಾಜು, ಎಲ್‌ಇಡಿ, ಹೊಳೆಯೋ ಟೈಲ್ಸ್. ಮಾಳಿಗೆಗೆ ಹೋದರೆ ಬೇರೆಯದೇ ಊರು. ಎಸಿಗಳ ಹೊರಗಿನ ಡಬ್ಬಿಗಳು ಎಣಿಸಿದರೆ ಹನ್ನೊಂದು. ಅದರಲ್ಲಿ ಎರಡು ಕೆಟ್ಟು ನಿಂತವು, ಆದರೂ ವೈರು ಹೋಗಿದೆ. ಡಿಶ್ ಛತ್ರಿಗಳು ತುಕ್ಕು ಹಿಡಿದು ಆಕಾಶ ನೋಡುತ್ತಿವೆ. ಇಂಟರ್‌ನೆಟ್ ಕೇಬಲ್ಲುಗಳು ಈ ಮಾಳಿಗೆಯಿಂದ ಆ ಮಾಳಿಗೆಗೆ, ಅಲ್ಲಿಂದ ಕಂಬಕ್ಕೆ, ಕಂಬದಿಂದ ಇನ್ಯಾವುದೋ ಬೇವಿನ ಮರಕ್ಕೆ. ಮೋಟರಿನ ಕೇಬಲ್ಲು, ಫ್ಲೆಕ್ಸ್ ಬೋರ್ಡಿನ ಲೈಟಿನ ವೈರು, ಸಿಸಿ ಕ್ಯಾಮೆರಾದ್ದು, ಜನರೇಟರಿನದು. ವೈರು ಹಾರದ ಹಾಗೆ ಅಲ್ಲಲ್ಲಿ ಒಂದೊಂದು ಇಟ್ಟಂಗಿ ಇಟ್ಟಿದ್ದಾರೆ. ಕಾಲಿಡಲು ಜಾಗ ಹುಡುಕಬೇಕು.

ನಾವು ಚಿಕ್ಕವರಿದ್ದಾಗ ಬೇಸಿಗೆಯಲ್ಲಿ ಮಾಳಿಗೆ ಮೇಲೇ ಮಲಗುತ್ತಿದ್ದೆವು. ಸಂಜೆ ನೀರು ಚಿಮುಕಿಸಿ ಕಲ್ಲು ತಂಪು ಮಾಡೋದು, ಹಾಸಿಗೆ ಹಾಸೋದು, ಪಕ್ಕದ ಮಾಳಿಗೆಯವರ ಜೊತೆ ಹನ್ನೊಂದರ ತನಕ ಮಾತು. ಹಪ್ಪಳ, ಸಂಡಿಗೆ, ಶಾವಿಗೆ ಒಣಗುತ್ತಿದ್ದದ್ದೂ ಅಲ್ಲೇ. ದಿನಾ ಯಾರಾದರೂ ಓಡಾಡೋ ಜಾಗ ಅದು. ಒಂದು ವೈರು ಜೋತುಬಿದ್ದರೆ ಅವತ್ತೇ ಯಾರದೋ ಅಜ್ಜಿ ಕೂಗಾಡಿ ಅದನ್ನು ಸರಿ ಮಾಡಿಸುತ್ತಿದ್ದಳು. ಈಗ ಆ ಅಜ್ಜಿಯ ಜಾಗದಲ್ಲಿ ಎಸಿ ಡಬ್ಬಿ ಕೂತಿದೆ. ಅದು ಬಿಸಿ ಗಾಳಿ ಊದುತ್ತದೆ, ಕೂಗಾಡುವುದಿಲ್ಲ.

ಕಟ್ಟಡದ ಮಾಲಕರನ್ನು ಕೇಳಿದರೆ, ಅಂಗಡಿಯವರು ಹಾಕಿಸಿಕೊಂಡಿದ್ದು ಅಂಗಡಿಯವರದು ಅಂತಾರೆ. ಅಂಗಡಿಯವರು, ಮಾಳಿಗೆ ಮಾಲಕರದು ಅಂತಾರೆ. ಕರೆಂಟು ಕೊಡೋ ಕಂಪನಿ ಜೆಸ್ಕಾಂ ಹೊಣೆ ಮೀಟರ್ ತನಕ, ಆಮೇಲಿನದು ಗ್ರಾಹಕರದು. ವೈರ್‌ಮನ್ ಪರ್ಮಿಟ್, ಕಂಟ್ರಾಕ್ಟರ್ ಲೈಸೆನ್ಸ್ ಎಲ್ಲ ನೋಡೋಕೆ ವಿದ್ಯುತ್ ಪರಿವೀಕ್ಷಣಾಲಯ ಅಂತ ಒಂದು ಇಲಾಖೆಯೇ ಇದೆ. ಆದರೆ ಫ್ಲೆಕ್ಸ್ ಬೋರ್ಡಿಗೆ ಎರಡು ಲೈಟ್ ಹಾಕಿಸುವಾಗ ಯಾರು ಪರ್ಮಿಟ್ ಕೇಳುತ್ತಾರೆ? ನಾನಂತೂ ಕೇಳಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಟವಲ್ಲಿನೊಳಗೆ ಟೆಸ್ಟರ್

ನಮ್ಮ ಬೀದಿಯಲ್ಲಿ ಒಬ್ಬ ಹಳೇ ಮಿಸ್ತ್ರಿ ಇದ್ದಾರೆ. ಎಲ್ಲರಿಗೂ ಚಾಚಾ. ಮೋಟರ್ ವೈಂಡಿಂಗ್ ಮಾಡಿಕೊಂಡು ಬಂದವರು, ಈಗ ಕಣ್ಣು ಮಂಜು ಅಂತ ಹೊಸ ಕೆಲಸ ಹಿಡಿಯೋದಿಲ್ಲ. ನಾನು ಹೋಗಿ ಏಣಿಯ ವಿಷಯ ಹೇಳಿದೆ. ಚಹಾ ಕುಡಿಯುತ್ತಿದ್ದವರು ಬಸಿ ಅಲ್ಲೇ ಇಟ್ಟು ಎದ್ದರು. "ನಾಳಿ ಅನ್ನಬ್ಯಾಡ್ರಿ, ಈಗ ನಡೀರಿ" ಅಂದರು.

ಮಾಳಿಗೆಗೆ ಬಂದವರು ಮೊದಲು ಏನೂ ಮುಟ್ಟಲಿಲ್ಲ. ಸುಮ್ನೆ ಐದು ನಿಮಿಷ ನಿಂತು ನೋಡಿದರು. ಆಮೇಲೆ ಟೆಸ್ಟರ್ ತೆಗೆದರು. ಬಿಸಿಲಲ್ಲಿ ಟೆಸ್ಟರಿನ ಬೆಳಕು ಕಾಣೋದಿಲ್ಲ, ಇದು ನನಗೆ ಅವತ್ತೇ ಗೊತ್ತಾಗಿದ್ದು. ಒಳಗಿರೋದು ಅಕ್ಕಿಕಾಳಿನಷ್ಟು ನಿಯಾನ್ ದೀಪ. ನಡು ಮಧ್ಯಾಹ್ನ ಅದು ಹತ್ತಿದರೂ ಹತ್ತಿಲ್ಲದ ಹಾಗೇ ಕಾಣುತ್ತದೆ. ಎಷ್ಟು ಜನ "ಕರೆಂಟ್ ಇಲ್ಲ" ಅಂದುಕೊಂಡು ಕೈ ಹಾಕಿರಬೇಕು! ಚಾಚಾ ಹೆಗಲ ಮೇಲಿನ ಟವಲ್ ತೆಗೆದು ತಲೆ ಮೇಲಿಂದ ಹೊದ್ದುಕೊಂಡರು. ಹಳೇ ಫೋಟೋ ಸ್ಟುಡಿಯೋದವರು ಕರೀ ಬಟ್ಟೆಯೊಳಗೆ ಹೋಗುತ್ತಿದ್ದರಲ್ಲ, ಹಾಗೆ. ಒಳಗಿಂದ ದನಿ ಬಂತು: "ಅದ ನೋಡ್ರಿ. ಬರ್ರಿ ಒಳಗ." ನಾನೂ ಬಗ್ಗಿ ಟವಲ್ಲಿನೊಳಗೆ ತಲೆ ಹಾಕಿದೆ. ಕಿತ್ತಳೆ ಬಣ್ಣದ ಸಣ್ಣ ಕೆಂಡ. ಏಣಿಯ ತುಕ್ಕಿಗೆ ಟೆಸ್ಟರ್ ತಾಗಿದಾಗ ಇತ್ತು, ತೆಗೆದಾಗ ಇಲ್ಲ.

ಏಣಿಗೆ ಬೈಂಡಿಂಗ್ ತಂತಿಯಿಂದ ಬಿಗಿದು ಕಟ್ಟಿದ ವೈರುಗಳು ಏಳು. ಯಾವುದು ಯಾರದು ಅಂತ ನೋಡಿದರೆ ಗೊತ್ತಾಗುವುದಿಲ್ಲ. ಕರೆಂಟು ತರೋ ಫೇಸಿಗೆ ಕೆಂಪು, ವಾಪಸ್ ಒಯ್ಯೋ ನ್ಯೂಟ್ರಲ್ಲಿಗೆ ಕಪ್ಪು, ನೆಲಕ್ಕೆ ಇಳಿಯೋ ಅರ್ಥಿಗೆ ಹಸಿರು ಅನ್ನೋ ಲೆಕ್ಕ ನೆರಳಲ್ಲಿ ಮಾತ್ರ ನಡೆಯುತ್ತದೆ. ನಮ್ಮ ಮಾಳಿಗೆ ಮೇಲೆ ಕೆಂಪು ವೈರು ಗುಲಾಬಿಯಾಗಿತ್ತು, ಹಸಿರು ಬೂದಿಯಾಗಿತ್ತು, ಕಪ್ಪು ಕೂಡ ಬೂದಿಯ ಕಡೆಗೇ ಹೊರಟಿತ್ತು. ಹಾಗಾಗಿ ಒಂದೇ ದಾರಿ. ಕೆಳಗೆ ಒಬ್ಬೊಬ್ಬರ ಅಂಗಡಿಗೆ ಹೋಗಿ ಮೇನ್ ಆಫ್ ಮಾಡಿಸಬೇಕು, ಮೇಲೆ ಟವಲ್ಲಿನೊಳಗೆ ಕೆಂಡ ಆರಿತೋ ಇಲ್ಲವೋ ನೋಡಬೇಕು. ನನ್ನ ಅಂಗಡಿಯ ಹುಡುಗ ಫೋನ್ ಹಿಡಿದು ಓಡಾಡಿದ. ಬಟ್ಟೆ ಅಂಗಡಿಯವರು, "ಗಿರಾಕಿ ಅದಾರ, ಒಂದ್ ತಾಸು ಬಿಟ್ಟು ಬಾ" ಅಂದರು. ಲ್ಯಾಬಿನವರು ಮಷೀನ್ ನಡೀತಿದೆ, ಆಗಲ್ಲ ಅಂದರು. ಕೋಚಿಂಗ್ ಕ್ಲಾಸಿನ ಮಕ್ಕಳು ಮಾತ್ರ ಫ್ಯಾನ್ ನಿಂತ ಕೂಡಲೇ ಹೋ ಅಂತ ಖುಷಿಪಟ್ಟರು. ನನಗೆ ಮೊಬೈಲ್ ಅಂಗಡಿಯ ಮೇಲೆ ಪೂರ್ತಿ ಅನುಮಾನ ಇತ್ತು. ಅವರದು ಆಫ್ ಮಾಡಿದಾಗ ಕೆಂಡ ಹಾಗೇ ಇತ್ತು. ಮೆಡಿಕಲ್, ಇತ್ತು. ಫೈನಾನ್ಸ್, ಇತ್ತು. ಅರ್ಧ ತಾಸಾದ ಮೇಲೆ ಬಟ್ಟೆ ಅಂಗಡಿ, ಲ್ಯಾಬ್ ಎರಡೂ ಮುಗಿದವು. ಟವಲ್ಲಿನಿಂದ ಮುಖ ಹೊರಗೆ ಹಾಕಿ ಚಾಚಾ ಕೇಳಿದರು: "ನಿಮ್ದು ಮಾಡೀರೇನ್ರಿ?"

ನಮ್ಮದು ಮಾಡಿದೆವು. ಕೆಂಡ ಆರಿತು.

ಒಂದು ಬಾಟಲಿಯ ಬುದ್ಧಿ

2017ರಲ್ಲಿ ನಾನು ಅಂಗಡಿಗೆ ಹೊಸ ಫ್ಲೆಕ್ಸ್ ಬೋರ್ಡ್ ಹಾಕಿಸಿದ್ದೆ. ರಾತ್ರಿ ಕಾಣಲಿ ಅಂತ ಮೇಲಿಂದ ಎರಡು ಫೋಕಸ್ ಲೈಟು. ಒಬ್ಬ ಹುಡುಗ ಬಂದ, ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು. ಮಾಳಿಗೆ ನೋಡಿ ಬಂದು ಕೇಳಿದ: "ಪೈಪ್ ಹಾಕ್ಲೇನ್ರಿ ಅಣ್ಣಾ? ಜಾಸ್ತಿ ಆಗ್ತದ, ಆದ್ರ ಚೊಲೋ ಇರ್ತದ." ನಾನು, "ಸದ್ಯಕ್ಕ ಹಂಗೇ ಹಾಕಪಾ, ಆಮ್ಯಾಲ ನೋಡೋಣ" ಅಂದೆ. ಅವನು 300 ರೂಪಾಯಿ ಕೂಲಿ ತಗೊಂಡು ಹಂಗೇ ಹಾಕಿ ಹೋದ. ಆ ಆಮ್ಯಾಲ ಬರಲೇ ಇಲ್ಲ.

ಈ ಸದ್ಯಕ್ಕೆ ಅನ್ನೋ ಮಾತಿನ ಮೇಲೆ ಕಲಬುರಗಿಯ ಅರ್ಧ ಮಾಳಿಗೆಗಳು ನಿಂತಿವೆ ಅಂತ ನನ್ನ ಲೆಕ್ಕ. ಹಬ್ಬದ ಸೀರಿಯಲ್ ಸೆಟ್ಟಿಗೆ ಅಂತ ಎಳೆದ ವೈರಿನಿಂದ ಮುಂದೆ ಕ್ಯಾಮೆರಾ ನಡೆಯುತ್ತದೆ. ಮದುವೆ ಸೀಸನ್ನಿನಲ್ಲಿ ಬಟ್ಟೆ ಅಂಗಡಿಗೆ ಒಂದು ಎಸಿ ಜಾಸ್ತಿ ಬೇಕಾಯಿತು ಅಂತ ಲೈಟಿನ ವೈರಿಗೇ ಸುತ್ತಿದ್ದು ನಾಲ್ಕು ಸೀಸನ್ ಆದರೂ ಹಾಗೇ ಇರುತ್ತದೆ.

ನನ್ನ ವೈರಿಗೆ ಒಂದು ಜಾಯಿಂಟ್ ಇತ್ತು. ಅವನು ತಂದ ವೈರು ಸಾಲದೆ, ಮಾಳಿಗೆ ಮೇಲೆ ಬಿದ್ದಿದ್ದ ಹಳೇ ಅಲ್ಯೂಮಿನಿಯಂ ಸರ್ವಿಸ್ ವೈರಿನ ತುಂಡಿಗೆ ತಾಮ್ರದ ವೈರು ಹೊಸೆದು ಸೇರಿಸಿದ್ದ. ಮೇಲೆ ಟೇಪು. ಟೇಪಿನ ಮೇಲೆ ಒಂದು ಲೀಟರಿನ ನೀರಿನ ಬಾಟಲಿಯ ಕೆಳಭಾಗ ಕತ್ತರಿಸಿ, ಮೇಲಿನ ಭಾಗವನ್ನು ಕೊಡೆ ಥರ ಹೊದಿಸಿ, ಬಾಯಿಯ ಹತ್ತಿರ ಬೈಂಡಿಂಗ್ ತಂತಿ ಬಿಗಿದಿದ್ದ. ಮಳೆ ನೀರು ಹರಿದು ಕೆಳಗೆ ಹೋಗಬೇಕು, ಜಾಯಿಂಟಿಗೆ ತಾಗಬಾರದು. ಚಾಚಾ ಅದನ್ನು ಬಿಚ್ಚಿ ಕೈಯಲ್ಲಿ ತಿರುಗಿಸಿ ನೋಡಿದರು. ಬೈಯುತ್ತಾರೆ ಅಂದುಕೊಂಡೆ. "ಹುಡುಗ ಶಾಣ್ಯಾ ಇದ್ದ" ಅಂದರು.

ನನಗೆ ಆ ಮಾತು ತುಂಬ ದಿನ ತಲೆಯಲ್ಲಿ ಉಳಿಯಿತು. ಇಂಥ ಕೆಲಸ ನೋಡಿದರೆ ನಾವು ಹೇಳೋದು, ಬುದ್ಧಿ ಇಲ್ಲ, ಸೋಮಾರಿತನ, ಕಳಪೆ ಅಂತ. ಆದರೆ ಆ ಬಾಟಲಿಯಲ್ಲಿ ಬುದ್ಧಿ ಇದೆ ಅಲ್ವಾ? ಮಳೆ ಬರುತ್ತದೆ ಅಂತ ಯೋಚಿಸಿದ್ದಾನೆ. ನಾನು 300 ರೂಪಾಯಿಗೆ ಕೇಳದಿದ್ದರೂ ಮಾಡಿದ್ದಾನೆ. ಅವನ ಬುದ್ಧಿಗೆ ಸಿಗದೆ ಹೋಗಿದ್ದು ಬಿಸಿಲು. ಎರಡು ಬೇಸಿಗೆಗೆ ಬಾಟಲಿ ಗರಿಗರಿಯಾಗಿ ಸೀಳಿತ್ತು. ಟೇಪಿನ ಅಂಟು ಕರಗಿ, ಹರಿದು, ಒಣಗಿ, ಕೊನೆಗೆ ಹಾವಿನ ಪೊರೆ ಥರ ಬಿಚ್ಚಿಕೊಂಡಿತ್ತು. ಮಾಳಿಗೆ ಮೇಲಿನ ಪ್ರತಿಯೊಂದು ವೈರಿನಲ್ಲೂ ಇಂಥದೇ ಒಂದು ಬುದ್ಧಿ ಇದೆ. ಅವತ್ತಿನ ಬುದ್ಧಿ. ಅವತ್ತಿನ ಒಂದು ತೊಂದರೆಗೆ, ಕೈಯಲ್ಲಿದ್ದ ಸಾಮಾನಿನಲ್ಲಿ, ಕೊಟ್ಟ ಕೂಲಿಗೆ ಹುಡುಕಿದ ಉತ್ತರ. ಮಾಡಿದವನು ಆ ಮಾಳಿಗೆಗೆ ಇನ್ನೊಮ್ಮೆ ಬರುವುದಿಲ್ಲ. ಮುಂದಿನವನು ಬಂದಾಗ ಹಿಂದಿನವನು ಏನು ಯೋಚಿಸಿದ್ದ ಅಂತ ಹೇಳೋಕೆ ಯಾರೂ ಇರುವುದಿಲ್ಲ. ಅವನು ತನ್ನ ಅವತ್ತಿನ ಬುದ್ಧಿಯನ್ನು ಇದರ ಮೇಲೆ ಸುತ್ತಿ ಹೋಗುತ್ತಾನೆ.

ತಾಮ್ರ, ಅಲ್ಯೂಮಿನಿಯಂ ಹೊಸೆದರೆ ಏನಾಗುತ್ತದೆ ಅಂತ ಚಾಚಾ ಕೈಬೆರಳು ಹೆಣೆದು ತೋರಿಸಿದರು. ಬಿಸಿಯಾದಾಗ ಅಲ್ಯೂಮಿನಿಯಂ ಜಾಸ್ತಿ ಹಿಗ್ಗುತ್ತದೆ, ತಾಮ್ರ ಕಡಿಮೆ. ಆರಿದಾಗ ಎರಡೂ ಕುಗ್ಗುತ್ತವೆ, ಆದರೆ ಹಿಡಿತ ಮೊದಲಿನ ಹಾಗೆ ಇರುವುದಿಲ್ಲ. ಜೊತೆಗೆ ಅಲ್ಯೂಮಿನಿಯಂ ಮೇಲೆ ಬಿಳೀ ಪುಡಿ ಕಟ್ಟುತ್ತದೆ, ಅದರಲ್ಲಿ ಕರೆಂಟು ಸಲೀಸಾಗಿ ಹರಿಯುವುದಿಲ್ಲ. ಜಾಯಿಂಟ್ ಇನ್ನೂ ಬಿಸಿಯಾಗುತ್ತದೆ, ಇನ್ನೂ ಸಡಿಲಾಗುತ್ತದೆ. ದಿನಾ ಬೆಳಗ್ಗೆ ರಾತ್ರಿ ಇದೇ ನಡೆದರೆ ಎಷ್ಟು ವರ್ಷ ತಾಳೀತು?

ನೆರಳಿನ ಲೆಕ್ಕ

ಮನೆಗೆ ಬಂದು ವೈರಿನ ಬಂಡಲಿನ ಮೇಲಿನ ಕಾಗದ ಓದಿದೆ. ಸಾಮಾನ್ಯ ಪಿವಿಸಿ ವೈರಿನ ಒಳಗಿನ ತಾಮ್ರ 70 ಡಿಗ್ರಿ ದಾಟಬಾರದು. ಅದಕ್ಕಿಂತ ಹೆಚ್ಚಾದರೆ ಮೇಲಿನ ಹೊದಿಕೆ ಬೇಗ ಸಾಯುತ್ತದೆ. ಕಲಬುರಗಿಯಲ್ಲಿ ಮೇ ತಿಂಗಳ ಗಾಳಿಯೇ 42, 43 ಡಿಗ್ರಿ. ಅದು ನೆರಳಿನ ಲೆಕ್ಕ. ಬಿಸಿಲಿಗೆ ಬಿದ್ದ ಕಲ್ಲು, ಕಲ್ಲಿಗೆ ಅಂಟಿಕೊಂಡ ವೈರು ಅದಕ್ಕಿಂತ ಎಷ್ಟೋ ಜಾಸ್ತಿ ಕಾದಿರುತ್ತವೆ. ಅಂದರೆ ಎಸಿ ಶುರು ಮಾಡೋ ಮೊದಲೇ ವೈರಿನ ತ್ರಾಣದ ದೊಡ್ಡ ಪಾಲನ್ನು ಸೂರ್ಯ ತಿಂದಿರುತ್ತಾನೆ. ಎಸಿ ಜೋರಾಗಿ ಓಡೋದು ಕೂಡ ಅದೇ ಹೊತ್ತಿಗೆ. ಒಂದೂವರೆ ಟನ್ನಿನ ಎಸಿಗೆ 4 ಎಂಎಂ ವೈರು ಹಾಕಬೇಕು ಅಂತ ಮಿಸ್ತ್ರಿಗಳು ಹೇಳೋದು ಸುಮ್ನೆ ಅಲ್ಲ. ನಮ್ಮ ಮಾಳಿಗೆಯಲ್ಲಿ ಎರಡು ಎಸಿಗೆ ಸೇರಿ ಒಂದೂವರೆ ಎಂಎಂ ವೈರು ಹೋಗಿತ್ತು. ಕರೆಂಟು ದುಪ್ಪಟ್ಟಾದರೆ ವೈರಿನಲ್ಲಿ ಹುಟ್ಟುವ ಶಾಖ ದುಪ್ಪಟ್ಟಲ್ಲ, ನಾಲ್ಕು ಪಟ್ಟು. ಆ ವೈರಿನ ಮೇಲೆ ಬೆರಳಿಟ್ಟು ಚಾಚಾ, "ಇದರ ಮ್ಯಾಲ ಹಪ್ಪಳ ಸುಡಬಹುದು" ಅಂದರು. ಹಿಂದೆ ಇದೇ ಕಲ್ಲಿನ ಮೇಲೆ ಹಪ್ಪಳ ಒಣಗುತ್ತಿತ್ತು ಅನ್ನೋದು ಅವರಿಗೂ ನೆನಪಿದ್ದಿರಬೇಕು.

(ಪಕ್ಕದ ಕಟ್ಟಡದ ಮೇಲೆ ಈಗ ಸೋಲಾರ್ ಬಂದಿದೆ. ಅಲ್ಲೂ ಒಂದು ಕಡೆ ಪ್ಯಾನೆಲಿನ ಕನೆಕ್ಟರ್ ಕತ್ತರಿಸಿ ಟೇಪ್ ಸುತ್ತಿದ್ದು ನಮ್ಮ ಗೋಡೆಯಿಂದಲೇ ಕಾಣುತ್ತದೆ. ಚಾಚಾ ಅದನ್ನು ನೋಡಿ ಹತ್ತಿರವೂ ಹೋಗಲಿಲ್ಲ. ಹತ್ತು ಪ್ಯಾನೆಲ್ ಸಾಲಾಗಿ ಜೋಡಿಸಿದರೆ 400 ವೋಲ್ಟ್ ಆಗುತ್ತದೆ, ಅದೂ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯೋ ಕರೆಂಟು. ನಮ್ಮ ಮನೆ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುತ್ತದೆ, ಹಾಗಾಗಿ ಕಿಡಿ ಹತ್ತಿದರೂ ಆರಲು ಒಂದು ಅವಕಾಶ ಇರುತ್ತದೆ. ಡಿಸಿಗೆ ಆ ಬಿಡುವಿಲ್ಲ, ಹತ್ತಿದ ಕಿಡಿ ಹಾಗೇ ಉರಿಯುತ್ತದೆ. ಬಿಸಿಲಿರೋ ತನಕ ಪ್ಯಾನೆಲ್ ಆಫ್ ಮಾಡಲೂ ಆಗುವುದಿಲ್ಲ. ಮೇನ್ ಸ್ವಿಚ್ ಸೂರ್ಯನ ಕೈಯಲ್ಲಿ. ಆ ಕಟ್ಟಡದವರಿಗೆ ಹೇಳಿದ್ದೇವೆ. ನೋಡೋಣ ಅಂದಿದ್ದಾರೆ.)

ಡೈರೆಕ್ಟ್

ಇಷ್ಟಾದರೂ ಎರಡು ಪ್ರಶ್ನೆ ಉಳಿದಿದ್ದವು. ಬೋರ್ಡಿನ ಲೈಟು ಉರಿಯೋದು ರಾತ್ರಿ. ನನಗೆ ಶಾಕ್ ಹೊಡೆದದ್ದು ಹಾಡಹಗಲು, ಸ್ವಿಚ್ ಆಫ್ ಇದ್ದಾಗ. ಹೇಗೆ? ಚಾಚಾ ಅಂಗಡಿಗೆ ಬಂದು ಸ್ವಿಚ್ ಬೋರ್ಡ್ ಬಿಚ್ಚಿದರು. ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲ್ಲಿಗೆ ಹಾಕಿದ್ದರು. ಆಫ್ ಮಾಡಿದರೆ ಲೈಟು ಆರುತ್ತದೆ, ಆದರೆ ವೈರಿನಲ್ಲಿ ಕರೆಂಟು ಹಾಗೇ ನಿಂತಿರುತ್ತದೆ. ಲೈಟಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಏಣಿಗೆ ಗೊತ್ತಾಗುತ್ತದೆ.

ಎರಡನೆಯದು, ನಮ್ಮ ಅಂಗಡಿಯಲ್ಲಿ ಆರ್‌ಸಿಸಿಬಿ ಅಂತ ಕರೆಂಟು ಸೋರಿದರೆ ತಾನಾಗಿ ಆಫ್ ಆಗೋ ಸ್ವಿಚ್ಚು ಇತ್ತಲ್ಲ, ಅದು ಯಾಕೆ ಬೀಳಲಿಲ್ಲ? ಎಂಸಿಬಿ ಬೇರೆ, ಇದು ಬೇರೆ. ಎಂಸಿಬಿ ಇರೋದು ವೈರು ಕಾಯೋಕೆ, ಲೋಡ್ ಜಾಸ್ತಿಯಾದರೆ ಬೀಳುತ್ತದೆ. 16 ಆಂಪಿಯರಿನ ಎಂಸಿಬಿಗೆ ಒಬ್ಬ ಮನುಷ್ಯನ ಮೈಯಲ್ಲಿ ಹರಿದುಹೋಗೋ ಕರೆಂಟು ಲೆಕ್ಕಕ್ಕೇ ಇಲ್ಲ. ಆರ್‌ಸಿಸಿಬಿ ಇರೋದು ಮನುಷ್ಯನನ್ನು ಕಾಯೋಕೆ. ಹೋದ ಕರೆಂಟು, ವಾಪಸ್ ಬಂದ ಕರೆಂಟು ಎರಡನ್ನೂ ತೂಗಿ ನೋಡುತ್ತದೆ, 30 ಮಿಲಿ ಆಂಪಿಯರ್ ವ್ಯತ್ಯಾಸ ಬರುವಷ್ಟರಲ್ಲಿ ಬೀಳುತ್ತದೆ. 30 ಮಿಲಿ ಆಂಪಿಯರ್ ಅಂದರೆ ಒಂದು 9 ವಾಟಿನ ಎಲ್‌ಇಡಿ ಬಲ್ಬು ಎಳೆಯೋ ಕರೆಂಟಿಗಿಂತ ಕಡಿಮೆ. ಮನುಷ್ಯನ ಎದೆಗೆ ಅದಕ್ಕಿಂತ ಜಾಸ್ತಿ ಹರಿದರೆ ಅಪಾಯ.

ಚಾಚಾ ಡಬ್ಬಿಯ ಮುಚ್ಚಳ ತೆಗೆದರು. ಆರ್‌ಸಿಸಿಬಿ ಜಾಗದಲ್ಲೇ ಇತ್ತು, ಲಿವರ್ ಮೇಲಕ್ಕೇ ಇತ್ತು. ಆದರೆ ಒಳಗೆ ಬರೋ ವೈರು, ಹೊರಗೆ ಹೋಗೋ ವೈರು ಎರಡನ್ನೂ ಅದರ ಹಿಂದೆ ನೇರ ಸೇರಿಸಿದ್ದರು. ನಮ್ಮ ಕಡೆ ಇದಕ್ಕೆ ಡೈರೆಕ್ಟ್ ಮಾಡೋದು ಅಂತಾರೆ. ಆರ್‌ಸಿಸಿಬಿ ಸುಮ್ನೆ ಶೋಕಿಗೆ ಕೂತಿತ್ತು. "ಯಾರ್ ಮಾಡಿದ್ರಿ ಇದು?" ಅಂತ ಚಾಚಾ ಕೇಳಿದರು. ನಾನು ಉತ್ತರ ಹೇಳಲಿಲ್ಲ.

ಬೋರ್ಡ್ ಹಾಕಿಸಿ ಎರಡು ಬೇಸಿಗೆ ಕಳೆದ ಮೇಲಿನ ಮಳೆಗಾಲದಲ್ಲಿ ಅದು ದಿನಾ ಬೀಳುತ್ತಿತ್ತು. ಹನಿ ಬಿದ್ದರೆ ಸಾಕು, ಟಕ್. ಎದುರಿಗೆ ಗಿರಾಕಿ, ಅರ್ಧ ಪ್ರಿಂಟಾದ ಅರ್ಜಿ, ಕಾಲೇಜ್ ಅಡ್ಮಿಷನ್ನಿನ ಕೊನೇ ದಿನ. ಬೇರೊಬ್ಬ ಎಲೆಕ್ಟ್ರಿಷಿಯನ್ನನ್ನು ಕರೆಸಿ, "ಇದು ಸುಮ್ಸುಮ್ನೆ ಬೀಳ್ತದ, ಏನಾದ್ರೂ ಮಾಡಪಾ" ಅಂದೆ. ಅವನು ಹತ್ತು ನಿಮಿಷದಲ್ಲಿ ಡೈರೆಕ್ಟ್ ಮಾಡಿ ಕೊಟ್ಟ. 50 ರೂಪಾಯಿ ಕೊಟ್ಟೆ, ಚಹಾ ಕುಡಿಸಿದೆ. ಆಮೇಲೆ ಒಂದು ದಿನವೂ ಬೀಳಲಿಲ್ಲ. ಅವನನ್ನು ನಾಲ್ಕು ಜನರ ಮುಂದೆ ಹೊಗಳಿದ್ದೂ ನೆನಪಿದೆ. ಅದು ಸುಮ್ಸುಮ್ನೆ ಬೀಳುತ್ತಿರಲಿಲ್ಲ. ಮೇಲೆ ಏಣಿಗೆ ಕರೆಂಟು ಇಳೀತಿದೆ ಅಂತ ಮಳೆ ಬಂದಾಗಲೆಲ್ಲ ಹೇಳುತ್ತಿತ್ತು. ಅದರ ಬಾಯಿ ಮುಚ್ಚಿಸಿದೆ. ಎಷ್ಟೋ ವರ್ಷದ ಮೇಲೆ ಟ್ಯಾಂಕ್ ತೊಳೆಯೋ ಹುಡುಗ ಬಂದು ಅದನ್ನೇ ಹೇಳಿದ. ಅವನಿಗೆ ಚಪ್ಪಲಿ ಹಾಕ್ಕೋ ಅಂದೆ.

ದೇಶದಲ್ಲಿ ವರ್ಷಕ್ಕೆ 12 ಸಾವಿರದ ಆಸುಪಾಸು ಜನ ಕರೆಂಟ್ ಹೊಡೆದು ಸಾಯುತ್ತಾರೆ, ಅಪರಾಧ ದಾಖಲೆ ಬ್ಯೂರೋದ ಲೆಕ್ಕವೇ ಹೇಳುತ್ತದೆ. ಪೇಪರಿನಲ್ಲಿ ಎರಡು ಸಾಲು ಬರುತ್ತದೆ, ವಿದ್ಯುತ್ ತಗುಲಿ ಕಾರ್ಮಿಕ ಸಾವು ಅಂತ. ಆ ಎರಡು ಸಾಲಿನಲ್ಲಿ ವೈರು ಯಾರದು ಅಂತ ಇರುವುದಿಲ್ಲ. ಓದುವಾಗ ನಾನೂ ಯಾವತ್ತೂ ಕೇಳಿಕೊಂಡಿರಲಿಲ್ಲ.

ಎರೆ ಮಣ್ಣು

ಅರ್ಥಿಂಗ್ ಸರಿಯಿದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲವಲ್ಲ ಅಂತ ನಾನು ಚಾಚಾ ಹತ್ತಿರ ವಾದ ಮಾಡಿದೆ. ಅವರು ಮೊದಲು, ಏಣಿಗೆ ಅರ್ಥ್ ವೈರು ಯಾರು ಎಳೆದಿದ್ದಾರೆ ತೋರಿಸ್ರಿ ಅಂದರು. ಆಮೇಲೆ ಕಟ್ಟಡದ ಹಿಂದೆ ಕರೆದುಕೊಂಡು ಹೋದರು. ಅರ್ಥಿಂಗ್ ಗುಂಡಿ ಹುಡುಕಲು ಹತ್ತು ನಿಮಿಷ ಹಿಡಿಯಿತು. ಮೇಲೆ ಯಾರೋ ಹಳೇ ಕಮೋಡ್ ಇಟ್ಟಿದ್ದರು. ಮುಚ್ಚಳ ತೆಗೆದರೆ ಒಳಗೆ ಮಣ್ಣು ಬಿರಿದು, ಬಿರುಕಿನಲ್ಲಿ ಕೈ ಹೋಗುವ ಹಾಗಿತ್ತು. ತೊಗರಿ ಬೆಳೆಯೋ ನಮ್ಮ ಎರೆ ಭೂಮಿಯ ಗುಣವೇ ಅದು. ಮಳೆಗಾಲದಲ್ಲಿ ಉಬ್ಬಿ ಅಂಟುತ್ತದೆ, ಬೇಸಿಗೆಯಲ್ಲಿ ಒಣಗಿ ಸೀಳುತ್ತದೆ. ಸೀಳಿದಾಗ ಮಣ್ಣು ಅದರಲ್ಲಿ ಹೂತ ಅರ್ಥಿಂಗ್ ಪೈಪನ್ನು ಬಿಟ್ಟು ದೂರ ಸರಿಯುತ್ತದೆ. ಪೈಪು ಗಾಳಿಯಲ್ಲಿ ನಿಂತ ಹಾಗೆ. ಒಣ ಮಣ್ಣು ಕರೆಂಟನ್ನು ಒಳಗೆ ಕರೆದುಕೊಳ್ಳುವುದೂ ಇಲ್ಲ. ಅದಕ್ಕೇ ಹಿಂದಿನವರು ಇದ್ದಿಲು, ಉಪ್ಪು ಹಾಕಿ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕುತ್ತಿದ್ದರು.

ಚಾಚಾ ಎಲ್ಲರನ್ನೂ ದೂರ ನಿಲ್ಲಿಸಿ, ಏನೂ ಮುಟ್ಟಬ್ಯಾಡ್ರಿ ಅಂತ ಎರಡು ಸಲ ಹೇಳಿ, 100 ವಾಟಿನ ಹಳೇ ಬಲ್ಬಿನ ಒಂದು ಕೊನೆ ಫೇಸಿಗೆ, ಇನ್ನೊಂದು ಕೊನೆ ಅರ್ಥಿಗೆ ಹಿಡಿದರು. ಬಲ್ಬಿನ ತಂತಿ ಬೀಡಿಯ ತುದಿಯಷ್ಟು ಕೆಂಪಾಯಿತು, ಅಷ್ಟೇ. ಅರ್ಥ್ ಚೆನ್ನಾಗಿದ್ದರೆ ಕೋಣೆ ಬೆಳಗುವಷ್ಟು ಉರಿಯಬೇಕಿತ್ತು. ತುಕ್ಕು ಹಿಡಿದ ಕ್ಲಾಂಪ್ ತೆಗೆದು, ಹೊಸದು ಬಿಗಿದು, ಮಣ್ಣು ಕೆದಕಿ, ಇದ್ದಿಲು ಉಪ್ಪು ಹಾಕಿ, ಎಂಟು ಬಕೆಟ್ ನೀರು ಸುರಿದೆವು. ಸಂಜೆ ಇನ್ನೊಮ್ಮೆ ಹಿಡಿದಾಗ ಬಲ್ಬು ಹತ್ತಿತು. ಆ ಹಳದಿ ಬೆಳಕು ನೋಡಿ ಮೆಡಿಕಲ್ಲಿನವರು ಚಪ್ಪಾಳೆ ತಟ್ಟಿದರು. ಮುಂದಿನ ವಾರದಿಂದ ನೀರು ಹಾಕೋದು ಯಾರು ಅನ್ನೋ ಮಾತು ಬಂದಾಗ ಎಲ್ಲರೂ ಒಳಗೆ ಹೋದರು.

ಏಳನೇ ವೈರು

ಕೆಲಸ ಆರು ದಿನ ನಡೆಯಿತು. ನನ್ನ ವೈರು ಪೂರ್ತಿ ಕಿತ್ತು, ಪೈಪಿನಲ್ಲಿ ಹೊಸದು ಹಾಕಿಸಿದೆ. ಹೊಸ ಆರ್‌ಸಿಸಿಬಿ ಬಂತು, ಅದರ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಬೇಕು ಅಂತ ಚಾಚಾ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದರು. ಅವರು ಇನ್ನೊಂದು ಕೆಲಸ ಮಾಡಿದರು. ಪ್ರತಿ ವೈರಿಗೂ ಎರಡೂ ಕೊನೆಯಲ್ಲಿ ಒಂದು ತಗಡಿನ ಚೂರು ಕಟ್ಟಿ, ಮೊಳೆಯಿಂದ ಕೆರೆದು ಅಂಗಡಿಯ ಹೆಸರು, ತಾರೀಖು ಬರೆದರು. ಮಾರ್ಕರ್ ಸಾಕಲ್ಲ ಅಂದೆ. "ಮಾರ್ಕರ್ ಮುಂದಿನ ಬ್ಯಾಸಗಿ ನೋಡೂದಿಲ್ರಿ" ಅಂದರು.

ಏಣಿಗೆ ಕಟ್ಟಿದ್ದ ಏಳು ವೈರಿನಲ್ಲಿ ಆರಕ್ಕೆ ಒಡೆಯರು ಸಿಕ್ಕರು. ಒಂದು ಉಳಿಯಿತು. ಅದು ಮಾಳಿಗೆಯ ಅಂಚಿಂದ ಪಕ್ಕದ ಮಾಳಿಗೆಗೆ, ಅಲ್ಲಿಂದ ಒಂದು ತಗಡಿನ ಶೆಡ್ಡಿನ ಕೆಳಗೆ ಹೋಗಿ ಗೋಡೆಯೊಳಗೆ ಮಾಯವಾಗುತ್ತದೆ. ಇತ್ತ ಕಡೆ ನಮ್ಮ ಮೆಟ್ಟಿಲಿನ ಪ್ಲಾಸ್ಟರಿನ ಒಳಗೆ ಇಳಿಯುತ್ತದೆ. ನಮ್ಮ ಕಟ್ಟಡದ ಎಲ್ಲ ಮೇನ್ ಆಫ್ ಮಾಡಿಸಿದೆವು. ಪಕ್ಕದವರದೂ ಮಾಡಿಸಿದೆವು. ಚಾಚಾ ಟವಲ್ ಹೊದ್ದು ಆ ವೈರಿಗೇ ಟೆಸ್ಟರ್ ಹಿಡಿದು ನೋಡಿದರು. ಕೆಂಡ ಹಾಗೇ ಇತ್ತು. ಯಾರ ಮೀಟರಿನಿಂದ ಬರುತ್ತಿದೆ, ಯಾವ ದೀಪ ಉರಿಸುತ್ತಿದೆ ಗೊತ್ತಾಗಲಿಲ್ಲ. ಕತ್ತರಿಸೋಣ ಅಂದೆ. ಕತ್ತರಿಸಿದ ಮೇಲೆ ಎರಡು ಕೊನೆ ಆಗುತ್ತವೆ, ಯಾವುದು ಬದುಕಿದೆ ಯಾವುದು ಸತ್ತಿದೆ ಮುಂದಿನವನಿಗೆ ಹೇಗೆ ಗೊತ್ತಾಗಬೇಕು ಅಂದರು. ಏಣಿಯಿಂದ ಬಿಡಿಸಿ, ಕಲ್ಲಿನಿಂದ ಎತ್ತಿ, ಪೈಪಿನೊಳಗೆ ಹಾಕಿ ಗೋಡೆಗೆ ಕ್ಲಾಂಪ್ ಮಾಡಿದರು. ತಗಡಿನ ಮೇಲೆ ಹೆಸರಿನ ಜಾಗ ಖಾಲಿ ಬಿಟ್ಟು, ತಾರೀಖು ಮಾತ್ರ ಕೆರೆದರು. ಅದು ಈಗಲೂ ಹಾಗೇ ಇದೆ. ಜೆಸ್ಕಾಂ ಲೈನ್‌ಮನ್ನಿಗೂ ಹೇಳಿದ್ದೇನೆ.

ಟ್ಯಾಂಕ್ ತೊಳೆಯೋ ಹುಡುಗ ಆಗಸ್ಟಿನಲ್ಲಿ ಬಂದ. ನಾನೂ ಅವನ ಜೊತೆ ಮೇಲೆ ಹೋದೆ. ಎಲ್ಲ ತೋರಿಸಿದೆ, ಪೈಪು, ತಗಡಿನ ಚೂರು, ಏಣಿಗೆ ಹೊಸದಾಗಿ ಎಳೆದ ಅರ್ಥ್ ವೈರು. "ತಪ್ಪು ನಂದೇ ಇತ್ತಪಾ. ಈಗ ಏನೂ ಆಗೂದಿಲ್ಲ, ಹತ್ತು" ಅಂದೆ. ಹೂಂ ಅಂತ ತಲೆ ಆಡಿಸಿದ. ಚಪ್ಪಲಿ ಬಿಟ್ಟ. ಏಣಿಯ ಮುಂದೆ ನಿಂತು, ಬಲಗೈ ಮುಷ್ಟಿ ಮಾಡಿ, ಬೆರಳಿನ ಹಿಂಭಾಗ ಮಾತ್ರ ಕಬ್ಬಿಣಕ್ಕೆ ಮೆತ್ತಗೆ ತಾಗಿಸಿ ತೆಗೆದ. ಇನ್ನೊಮ್ಮೆ ತಾಗಿಸಿದ. ಆಮೇಲೆ ಹತ್ತಿದ.